ಕೂತವರ ಎತ್ತರದ ಕಿಟಕಿ

ನಮ್ಮ ಅಡುಗೆಮನೆಗೆ ಮೊದಲ ಸಲ ಬಂದವರು ಕೇಳುವುದು ಒಂದೇ ಮಾತು: ಗೌಂಡಿ ಅಳತೆ ತಪ್ಪಿದನೇನು? ಕಿಟಕಿ ನೆಲಕ್ಕೆ ಅಷ್ಟು ಹತ್ತಿರ ಇದೆ. ನಿಂತು ನೋಡಿದರೆ ಓಣಿಯಲ್ಲಿ ಹೋಗುವವರ ಕಾಲು, ಎಮ್ಮೆಯ ಹೊಟ್ಟೆ, ಟ್ರ್ಯಾಕ್ಟರಿನ ಗಾಲಿ ಕಾಣುತ್ತವೆ. ಕೂತರೆ ಇಡೀ ಓಣಿ ಕಾಣುತ್ತದೆ. ಗೌಂಡಿಯದು ಏನೂ ತಪ್ಪಿಲ್ಲ. ಆ ಎತ್ತರ ನನ್ನದು. ಬೇಡಿಕೊಂಡು ಪಡೆದದ್ದಲ್ಲ, ಹಟ ಮಾಡಿ ಪಡೆದದ್ದು.

ನಾನು ಈ ಮನೆಯ ಹಿರಿಯ ಸೊಸೆ. ಕಾಗವಾಡದ ಮಗ್ಗುಲಿನ ಹಳ್ಳಿ, ಕಬ್ಬು ಮತ್ತು ದ್ರಾಕ್ಷಿಯ ಮನೆತನ. ಹಳೆಯ ಮನೆ ಮಣ್ಣಿನ ಮಾಳಿಗೆಯದು. ಗೋಡೆ ಎಷ್ಟು ದಪ್ಪ ಎಂದರೆ ಗೂಡಿನಲ್ಲಿ ಕೂಸನ್ನು ಮಲಗಿಸಬಹುದಿತ್ತು. ಅಡುಗೆಮನೆಗೆ ಮಾತ್ರ ಮಾಳಿಗೆಯಲ್ಲೊಂದು ಬೆಳಕಿಂಡಿ, ಅಷ್ಟೇ. ಮಳೆ ಬಂದರೆ ಅದರ ಮೇಲೂ ತಗಡು. ಹಾಡುಹಗಲೇ ದೀಪ ಹಾಕಿಕೊಂಡು ನಾನು ರೊಟ್ಟಿ ಬಡಿದೆ, ನನಗಿಂತ ಮೊದಲು ಅತ್ತೆ ಚಿಮಣಿ ಇಟ್ಟುಕೊಂಡು ಬಡಿದರು. ಗೋಡೆಯಾಚೆ ಓಣಿ ಇತ್ತು, ಆದರೆ ನಮಗೆ ಅದು ಬರೀ ಸದ್ದು. ಕಬ್ಬಿನ ಟ್ರಾಲಿ ಹೋದರೆ ಹಾಡಿನ ಅಬ್ಬರದಿಂದ ಗೊತ್ತಾಗಬೇಕು, ಹೆಣ ಹೋದರೆ ಹಲಗೆಯ ಸದ್ದಿನಿಂದ. ಯಾರದು ಎಂದು ಹುಡುಗರನ್ನು ಕೇಳಬೇಕು. ಹುಡುಗರು ಮನಸ್ಸು ಬಂದರೆ ಹೇಳುತ್ತಿದ್ದರು.

ಆ ಮನೆ ಇಳಿಸಿ ಹೊಸದು ಕಟ್ಟುವ ಮಾತು ಬಂದಾಗ ಗಂಡಸರೆಲ್ಲ ಅಂಗಳದಲ್ಲಿ ಕೂತು ತಿಂಗಳುಗಟ್ಟಲೆ ಚರ್ಚೆ ಮಾಡಿದರು. ಗಾಡಿ ಎಲ್ಲಿ ನಿಲ್ಲಬೇಕು, ಟಿವಿ ಯಾವ ಗೋಡೆಗೆ, ಮೆಟ್ಟಿಲು ಒಳಗೋ ಹೊರಗೋ. ಅಡುಗೆಮನೆಯ ಬಗ್ಗೆ ಒಂದೇ ಮಾತಾಯಿತು, ಕರಿ ಗ್ರಾನೈಟಿನ ಕಟ್ಟೆ. ನಾನು ಚಹಾ ಕೊಡಲು ಹೋದವಳು ಅಲ್ಲೇ ನಿಂತು ಹೇಳಿದೆ, "ನನಗ ಓಣಿ ಕಡೆ ಒಂದು ಕಿಟಕಿ ಬೇಕ್ರಿ. ಕಟ್ಟಿಗೀದು. ಪೂರಾ ತಗಿಯೂವಂಥಾದು." ಮಾವನವರು ಚಹಾ ಕುಡಿದು ಬಸಿಯನ್ನು ಕೆಳಗಿಟ್ಟರು. ಕೇಳಿಸಲೇ ಇಲ್ಲವೇನೋ ಎನ್ನುವಂತೆ ಮತ್ತೆ ಮೆಟ್ಟಿಲಿನ ಮಾತಿಗೆ ಹೋದರು.

ನನ್ನ ಗಂಡ ಒಳ್ಳೆಯವರು, ಆದರೆ ಜಗಳ ಬರುತ್ತದೆ ಎಂದರೆ ಗಾಡಿ ಹತ್ತುವವರು. ಮರುದಿನವೇ ನನ್ನನ್ನು ಮಿರಜಿಗೆ ಕರೆದುಕೊಂಡು ಹೋದರು. ಅಂಗಡಿಯ ತುಂಬ ಅಲ್ಯೂಮಿನಿಯಂ ಸ್ಲೈಡಿಂಗು. ಕೆಲವುಗಳ ಮೇಲೆ ಸಾಗವಾನಿಯ ಗೆರೆಗಳನ್ನು ಹಾಳೆಯಂತೆ ಅಂಟಿಸಿದ್ದರು. ಕಟ್ಟಿಗೆ ಬೇಡವಂತೆ, ಕಟ್ಟಿಗೆಯ ವೇಷ ಬೇಕಂತೆ. ನಾನು ಒಂದು ಬದಿ ಸರಿಸಿದೆ, ಅದು ಹೋಗಿ ಇನ್ನೊಂದು ಬದಿಗೆ ಅಡ್ಡ ನಿಂತಿತು. ಅದನ್ನು ಸರಿಸಿದೆ, ಇದು ಮುಚ್ಚಿತು. ಏನೇ ಮಾಡಿದರೂ ಅರ್ಧ ಕಿಟಕಿ ಮುಚ್ಚಿಯೇ ಇರುತ್ತದೆ. ಕಟ್ಟಿಗೆಯದು ತೋರಿಸಿ ಎಂದರೆ ಅಂಗಡಿಯವ ನಕ್ಕ. "ಲಾಕೂಡ ಕಶಾಲಾ, ವಹಿನಿ? ಆತಾ ಕೋಣ ಲಾಕೂಡ ಬಸವತೋ?" ಈಗ ಯಾರು ಕಟ್ಟಿಗೆಯದು ಕೂರಿಸುತ್ತಾರೆ ಎಂದು ಕೇಳಿದ. "ಮೀ ಬಸವಣಾರ" ಎಂದೆ. ನಾನು ಕೂರಿಸುತ್ತೇನೆ.

ಕಟ್ಟಿಗೆ ಹೊರಗಿನಿಂದ ತರಬೇಕಿರಲಿಲ್ಲ. ಹೊಲದ ಬದುವಿನ ದೊಡ್ಡ ಬೇವು ಗಾಳಿಗೆ ಬಿದ್ದಾಗ ಚಿಕ್ಕೋಡಿಯಲ್ಲಿ ಕೊಯ್ಯಿಸಿ ಹಲಗೆ ಮಾಡಿ ತಂದಿದ್ದರು. ಕೊಟ್ಟಿಗೆಯ ಅಟ್ಟದ ಮೇಲೆ ಅವು ಮಳೆ ಬಿಸಿಲು ತಾಗದೆ ಚೆನ್ನಾಗಿ ಒಣಗಿದ್ದವು. ಮುಂಬಾಗಿಲಿಗೆ ಸಾಗವಾನಿ ಎಂದು ಮೊದಲೇ ಆಗಿತ್ತು. ಬೇವನ್ನು ಎಮ್ಮೆಗಳು ಮೇವು ತಿನ್ನುವ ಗ್ವಾದಲಿಗೆ ಎಂದು ಎತ್ತಿಟ್ಟಿದ್ದರು. ಹೀಗೆ ನನ್ನ ಕಿಟಕಿಗೂ ಎಮ್ಮೆಗಳಿಗೂ ಪೈಪೋಟಿ ಬಿತ್ತು. "ಎಮ್ಮಿಗಿ ಸಿಮೆಂಟಿನ ಗ್ವಾದಲಿ ಆದ್ರೂ ನಡೀತೈತ್ರಿ. ಅವೇನು ಮುನಿಸಿಕೊಳ್ಳಂಗಿಲ್ಲ" ಎಂದೆ. ಅಂಕಲಿಯಿಂದ ಬಂದ ಬಡಿಗ ಹಲಗೆ ತಟ್ಟಿ ನೋಡಿ ನನಗೇ ಎಚ್ಚರಿಕೆ ಕೊಟ್ಟ. "ಬೇವು ಸಿಟ್ಟಿನ ಕಟ್ಟಿಗಿರಿ ಅಕ್ಕಾರ. ಹುಳ ಮುಟ್ಟಂಗಿಲ್ಲ ಖರೆ. ಆದ್ರ ಮಳ್ಯಾಗ ಉಬ್ಬತೈತಿ. ಆಮ್ಯಾಲೆ ನನಗ ಬೈಬ್ಯಾಡ್ರಿ."

"ಸಿಟ್ಟಿಂದ ಇರ್ಲಿ. ನಮ್ಮ ಮನಿಗಿ ಹೊಂದತೈತಿ" ಎಂದೆ.

ಎಮ್ಮೆಗಳ ಪಾಲಿನ ಬೇವು ನನಗೆ ಸಿಕ್ಕಿತು. ಹಳೆಯ ಮಾದರಿಯ ನಾಲ್ಕು ಕದದ ಕಿಟಕಿ, ಮೇಲೆ ಎರಡು, ಕೆಳಗೆ ಎರಡು, ನಡುವೆ ಕಬ್ಬಿಣದ ಸರಳು. ಅಲ್ಲಿಗೆ ಮಾವನವರು ಗೆರೆ ಎಳೆದರು. ಕಿಟಕಿ ಕೂರುವುದು ಹಿಂದಿನ ಗೋಡೆಗೆ, ಕೊಟ್ಟಿಗೆಯ ಕಡೆಗೆ.

"ಅಡಗಿಮನಿ ಕಿಟಕಿ ಓಣ್ಯಾಗ ಯಾರರ ತಗೀತಾರೇನವಾ? ಹೋಗೂ ಬರೂ ಮಂದಿ ಒಳಗ ನೋಡ್ತಾರ."

"ನೋಡ್ಲಿರಿ ಮಾವಾರ. ನಾವೂ ಹೊರಗ ನೋಡ್ತೀವಿ."

ಅವರ ಮುಖ ಗಂಟಾಯಿತು. ಗಂಡ ನಡುವೆ ಬಂದು ರಾಜಿ ಮಾಡಲು ನೋಡಿದರು. ಓಣಿಯ ಕಡೆಗೇ ಇರಲಿ, ಮನೆಯ ಉಳಿದ ಕಿಟಕಿಗಳ ಎತ್ತರಕ್ಕೇ ಇರಲಿ, ಕೆಳಗಿನ ಕದ ಹಾಕಿಯೇ ಇರಲಿ, ಮೇಲಿನವು ಮಾತ್ರ ತೆಗೆದರೆ ಬೆಳಕು ಬರುತ್ತದೆ, ಯಾರಿಗೂ ಯಾರೂ ಕಾಣುವುದಿಲ್ಲ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಜೋಳದ ರೊಟ್ಟಿ ಬಡಿಯುವುದು ಕೂತು. ಕಾಳು ಹಸನು ಮಾಡುವುದು ಕೂತು, ಮಜ್ಜಿಗೆ ಕಡೆಯುವುದು ಕೂತು. ನನ್ನ ಅರ್ಧ ಆಯುಷ್ಯ ನೆಲದ ಮೇಲೆ ಕಳೆದಿದೆ. ಕಿಟಕಿಯ ಅಳತೆಯನ್ನು ಗೌಂಡಿ ನಿಂತು ಹಿಡಿಯುತ್ತಾನೆ, ಎಂಜಿನಿಯರು ನಿಂತು ಒಪ್ಪುತ್ತಾನೆ, ಮನೆಯ ಯಜಮಾನ ನಿಂತು ತಲೆಯಾಡಿಸುತ್ತಾನೆ. ಕೂತವರ ಕಣ್ಣು ಎಲ್ಲಿರುತ್ತದೆ ಎಂದು ಈ ನಾಡಿನಲ್ಲಿ ಯಾವ ಟೇಪೂ ಅಳೆದಿಲ್ಲ. ಮೇಲಿನ ಕದದಿಂದ ನನಗೆ ಕಾಣುವುದು ಆಕಾಶ. ಆಕಾಶ ಬೆಳಕಿಂಡಿಯಲ್ಲೂ ಇತ್ತು, ಅದಕ್ಕಾಗಿ ಹೊಸ ಮನೆ ಬೇಕಿರಲಿಲ್ಲ. ಇದನ್ನೆಲ್ಲ ಗಂಡನ ಮುಂದೆ ಹೇಳಿದೆ. ಅವರು ಗಾಡಿ ಹತ್ತಿದರು. ಅತ್ತೆ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಿದ್ದರು.

ನಮ್ಮ ಕಡೆ ಗೋಡೆ ಏಳುವ ಮೊದಲೇ ಮುಂಬಾಗಿಲಿನ ಚೌಕಟ್ಟು ನಿಲ್ಲಿಸಿ ಪೂಜೆ ಮಾಡುತ್ತಾರೆ. ಮುತ್ತೈದೆಯರು ಅರಿಸಿನ ಕುಂಕುಮ ಹಚ್ಚಿ, ಮಾವಿನ ಎಲೆ ಮತ್ತು ಕುಪ್ಪಸದ ಖಣ ಕಟ್ಟಿ, ಕಾಯಿ ಒಡೆಯುತ್ತಾರೆ. ಪೂಜೆಯಾದ ಚೌಕಟ್ಟನ್ನು ಆಮೇಲೆ ಯಾರೂ ಕದಲಿಸುವಂತಿಲ್ಲ. ಓರೆಯಾಗಿ ನಿಂತಿದ್ದರೂ ಗೋಡೆಯೇ ಅದಕ್ಕೆ ಹೊಂದಿಕೊಳ್ಳಬೇಕು. ನಮ್ಮ ಎದುರುಮನೆಯ ಬಾಗಿಲು ಹಾಗೆಯೇ ಒಂದು ಬದಿಗೆ ವಾಲಿ ನಿಂತಿದೆ, ಒಂದು ಕಡೆ ಸಿಮೆಂಟಿನ ಗಿಲಾಯಿ ದಪ್ಪ ಬಳಿದು ಮುಚ್ಚಿಕೊಂಡಿದ್ದಾರೆ.

ನಮ್ಮ ಪೂಜೆಯ ದಿನ ಮುಂಬಾಗಿಲಿನದೆಲ್ಲ ಮುಗಿದು ಗಂಡಸರು ಗೌಂಡಿ, ಬಡಿಗನ ಸಮೇತ ಪೆಂಡಾಲಿನಲ್ಲಿ ಊಟಕ್ಕೆ ಕೂತರು. ಅಡುಗೆಮನೆಯ ಗೋಡೆ ಮೊಣಕಾಲಿನವರೆಗೂ ಎದ್ದಿರಲಿಲ್ಲ. ನನ್ನ ಕಿಟಕಿಯ ಚೌಕಟ್ಟು ಹಿಂದೆ ಬೇಲಿಗೆ ಆತು ನಿಂತಿತ್ತು. ಅದನ್ನು ನೋಡಿದ ಕೂಡಲೇ ನನಗೆ ದಾರಿ ಹೊಳೆಯಿತು. ಮೈದುನನ ಹೆಂಡತಿ ನೆಗೆಣ್ಣಿಯನ್ನೂ ಓಣಿಯ ಹೆಂಗಸರನ್ನೂ ಕರೆದೆ. ಎಲ್ಲರೂ ಸೇರಿ ಎತ್ತಿಕೊಂಡು ಬಂದು ಓಣಿಯ ಕಡೆಯ ಆ ಗಿಡ್ಡ ಗೋಡೆಯ ಮೇಲೆಯೇ ನಿಲ್ಲಿಸಿದೆವು. ಎರಡೂ ಕಡೆ ಬಿದಿರು ಊರಿ, ಇಟ್ಟಿಗೆ ಒತ್ತಿ ಬಿಗಿ ಮಾಡಿದೆವು. ರೇಷ್ಮೆ ಸೀರೆ ಉಟ್ಟುಕೊಂಡು ಮಾಡಿದ ಗೌಂಡಿ ಕೆಲಸ, ತುಸು ಓರೆ ಆಯಿತು. ಆದರೆ ಅತ್ತೆ ಇಲ್ಲದೆ ಮಾಡಿದ ಪೂಜೆಯನ್ನು ನಮ್ಮ ಮನೆಯಲ್ಲಿ ಪೂಜೆ ಎಂದು ಯಾರೂ ಒಪ್ಪುವುದಿಲ್ಲ. ಕಾಯಿ, ಅರಿಸಿನ ಎಲ್ಲ ಅವರ ಬುಟ್ಟಿಯಲ್ಲೇ ಇತ್ತು.

ಅವರು ಬಂದರು. ಚೌಕಟ್ಟನ್ನು ನೋಡಿದರು, ನನ್ನನ್ನು ನೋಡಿದರು. ಬೈಯುತ್ತಾರೆ ಎಂದು ನಾನು ಸೆರಗು ಬಿಗಿ ಮಾಡಿಕೊಂಡು ನಿಂತೆ. ಅವರು ಗೋಡೆಯ ಒಳಗೆ ಬಂದು, ಮಣ್ಣಿನ ನೆಲದ ಮೇಲೆ ರೊಟ್ಟಿ ಬಡಿಯಲು ಕೂರುವಂತೆ ಕೂತರು. ಚೌಕಟ್ಟಿನೊಳಗಿಂದ ಓಣಿಯನ್ನು ನೋಡುತ್ತ ಹಾಗೆಯೇ ಇದ್ದರು. ಅಷ್ಟರಲ್ಲಿ ಸೈಕಲ್ಲಿನ ಮೇಲೆ ಯಾರೋ ಹೋದರು, ಅತ್ತೆಯ ಕಣ್ಣು ಅವರ ಹಿಂದೆ ಓಣಿಯ ತುದಿಯವರೆಗೂ ಹೋಯಿತು. ಆಮೇಲೆ ನನ್ನ ಕಡೆ ಕೈ ಚಾಚಿ, "ಅರಿಸಿಣ ತಾ" ಎಂದರು.

ಕಾಯಿ ಒಡೆದ ಸದ್ದು ಕೇಳಿ ಮಾವನವರು ಕೈ ತೊಳೆದು ಬಂದರು. ಚೌಕಟ್ಟಿನ ಮೇಲೆ ಅರಿಸಿನದ ಬೆರಳಚ್ಚು, ಕುಂಕುಮ, ಹಸಿರು ಖಣ.

"ಇದನ್ನ ಇಲ್ಲೆ ತಂದು ಪೂಜಿ ಮಾಡಿದವರು ಯಾರು?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಹೇಳಿದರು, "ನಾ ಮಾಡೇನಿ."

"ಕಿಟಕಿಗಿ ಯಾರರ ಪೂಜಿ ಮಾಡ್ತಾರ?"

"ಆ ಬಾಗಲಾ ನೀವು ಹೊರಗ ಹೋಗಾಕ ಐತಿ. ನಮಗ ಇದ ಬಾಗಲಾ."

ಅತ್ತೆ ಮಾವನವರಿಗೆ ಎದುರಾಡಿದ್ದನ್ನು ನಾನು ಆವತ್ತೇ ಮೊದಲು ಕೇಳಿದ್ದು. ನನ್ನ ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಮಾವನವರು ಗೌಂಡಿಯನ್ನು ಕರೆದು ಕಿತ್ತು ತೆಗೆ ಎಂದರು. ಅವನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. "ಪೂಜಿ ಆಗೇತ್ರಿ ಸಾವ್ಕಾರ್ರ. ನಾ ಕೈ ಹಚ್ಚಂಗಿಲ್ಲ." ಬಡಿಗ ಎಲೆಯ ಮುಂದಿನಿಂದ ಏಳಲೇ ಇಲ್ಲ. ಗೋಡೆ ಆ ಓರೆ ಚೌಕಟ್ಟಿಗೆ ಹೊಂದಿಕೊಂಡು ಎದ್ದಿತು.

ಹೊಸ ಮನೆಗೆ ಬಂದ ಮೇಲೆ ಮಾವನವರು ಬಹಳ ದಿನ ಹೊರಗಿನ ಕಟ್ಟೆಯ ಮೇಲೆ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಓಣಿಯ ಮಂದಿ ಮೊದಮೊದಲು ಇಣುಕಿದರು. ನಾವೂ ಅವರನ್ನೇ ನೋಡಿದೆವು, ಅವರಿಗೇ ನಾಚಿಕೆಯಾಗಿ ಬಿಟ್ಟರು. ಕಬ್ಬಿನ ಹಂಗಾಮಿನಲ್ಲಿ ಸುಟ್ಟ ಸೋಗೆಯ ಕರಿ ಬೂದಿ ಹಾರಿ ಬಂದು ಒಳಗೆ ಕೂರುತ್ತದೆ, ದಿನವೂ ಒರೆಸುತ್ತೇನೆ. ಅದನ್ನು ಒರೆಸುವಾಗ ಯಾರಾದರೂ "ಹೇಳಿದ್ದಿಲ್ಲ?" ಎಂದರೆ ಅರಿವೆಯನ್ನು ಅವರ ಕೈಗೇ ಕೊಡುತ್ತೇನೆ. ಒಮ್ಮೆ ಅಥಣಿಯ ಕಡೆಯವರೊಬ್ಬರು ಮನೆ ಕಟ್ಟಿಸುತ್ತಿದ್ದವರು, ಹೆಂಡತಿ ಕಳಿಸಿದಳು ಎಂದು ಟೇಪು ಹಿಡಿದು ಬಂದರು. ನಿಂತೇ ಅಳೆಯತೊಡಗಿದರು. "ಅವರನ್ನ ಕರಕೊಂಡು ಬರ್ರಿ. ಅವರು ಕುಂತ ಮ್ಯಾಲ ಅಳತಿ ಹಿಡೀರಿ" ಎಂದು ವಾಪಸ್ ಕಳಿಸಿದೆ. ಮರುವಾರ ಆಕೆ ಬಂದು ನಮ್ಮ ಅಡುಗೆಮನೆಯಲ್ಲಿ ಕೂತು ಅಳತೆ ಕೊಟ್ಟು ಹೋದಳು.

ಈ ಸಲದ ಮಳೆಗೆ ಬಡಿಗ ಹೇಳಿದ್ದೇ ಆಯಿತು. ಬೇವು ಉಬ್ಬಿತು, ಮೊದಲೇ ಓರೆ ನಿಂತ ಚೌಕಟ್ಟು, ಕೆಳಗಿನ ಎರಡು ಕದ ಏನು ಮಾಡಿದರೂ ಮುಚ್ಚಲಿಲ್ಲ. ಕದ ಹಾಕಿಸಲು ನೆಪ ಸಿಕ್ಕಿತೆಂದು ಮಾವನವರಿಗೆ ಗೆದ್ದಷ್ಟು ಖುಷಿ. ನನ್ನನ್ನು ಕೇಳದೆಯೇ ಫೋನು ಮಾಡಿ ಬಡಿಗನನ್ನು ಕರೆಸಿದರು. ಅವನು ಕಟ್ಟಿಗೆ ಹೆರೆಯುವ ರಂಧಾ ತೆಗೆದುಕೊಂಡು ಒಳಗೆ ಬಂದ. ಅತ್ತೆ ಕಿಟಕಿಗೆ ಮೊಣಕೈ ಊರಿ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದರು. ಈಗ ಅದು ಅವರದೇ ಜಾಗ, ನಾನು ಕೂರಬೇಕೆಂದರೂ ಸರಿಯಿರಿ ಎಂದು ಕೇಳಬೇಕು.

"ಆಯಿ, ತುಸು ಸರೀರಿ."

"ಯಾಕ?"

"ಕೆಳಗಿನ ಕದ ಬಂದ್ ಆಗವಲ್ವಂತ."

ಅತ್ತೆ ಓಣಿಯಿಂದ ಕಣ್ಣು ತೆಗೆಯಲಿಲ್ಲ. "ಅವನ್ನ ಬಂದ್ ಮಾಡಾವರು ಯಾರು?"

ಬಡಿಗ ನನ್ನ ಮುಖ ನೋಡಿದ. ನಾನು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಅವನು ರಂಧಾವನ್ನು ಚೀಲಕ್ಕೆ ಹಾಕಿ, ಚಹಾ ಇದ್ದರೆ ಕೊಡಿ ಎಂದು ಅಲ್ಲೇ ನೆಲದ ಮೇಲೆ ಕೂತ.