ಮೊಳಕಾಲ್ಮೂರಿನಲ್ಲಿ ಗಡಿಯಾರ ಮಾರಿದ್ದು

ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಚಳ್ಳಕೆರೆ ಬಸ್ಸಿಗೆ ಕಾಯುತ್ತ ನಿಂತಾಗ ಬೆಳಗಿನ ಬಿಸಿಲು ಆಗಲೇ ನೆತ್ತಿ ಸುಡತೊಡಗಿತ್ತು. ಅಂಗಿಯ ಜೇಬಿನಲ್ಲಿ ಕರವಸ್ತ್ರದಲ್ಲಿ ಸುತ್ತಿದ ಕೈಗಡಿಯಾರವಿತ್ತು. ಅದನ್ನು ಮಾರಲು ಹೊರಟಿದ್ದೆ. ಚಳ್ಳಕೆರೆಯಲ್ಲಿ ಆಗದಿದ್ದರೆ ಮೊಳಕಾಲ್ಮೂರು, ಅಲ್ಲೂ ಆಗದಿದ್ದರೆ ಕಡೇ ಬಸ್ಸಿಗೆ ವಾಪಸ್ ಎಂದುಕೊಂಡಿದ್ದೆ.

ಗಡಿಯಾರದ ವಿಷಯ ಮೊದಲೇ ಹೇಳಿಬಿಡುತ್ತೇನೆ. ನಾನು ಟೈಪಿಂಗ್ ಮೇಷ್ಟ್ರು. ಊರಿನ ಅರ್ಧ ಗುಮಾಸ್ತರಿಗೆ ಯಾವ ಬೆರಳು ಯಾವ ಅಕ್ಷರದ ಮೇಲಿರಬೇಕು ಎಂದು ಹೇಳಿಕೊಟ್ಟವನು. ಈ ಗಡಿಯಾರದ ಪಕ್ಕದಲ್ಲಿ ಕೀ ಕೊಡುವ ಸಣ್ಣ ಕೀಲಿ, ಅದರ ಮೇಲೊಂದು, ಕೆಳಗೊಂದು ಗುಂಡಿ. ಮೇಲಿನದನ್ನು ಒತ್ತಿದರೆ ಸೆಕೆಂಡಿನ ಉದ್ದ ಮುಳ್ಳು ಓಡುತ್ತದೆ, ಮತ್ತೊಮ್ಮೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನದನ್ನು ಒತ್ತಿದರೆ ಸೊನ್ನೆಗೆ ಹಾರಿ ಕೂರುತ್ತದೆ. ಕ್ರೋನೋಗ್ರಾಫ್ ಎನ್ನುತ್ತಾರೆ. ನನ್ನ ಇನ್‌ಸ್ಟಿಟ್ಯೂಟಿನ ಸ್ಪೀಡ್ ಟೆಸ್ಟ್ ಎಲ್ಲ ನಡೆದದ್ದು ಇದರ ಮೇಲೆಯೇ. ನನ್ನ ಬಳಿ ಇನ್ನೂ ಆರು ಗಡಿಯಾರಗಳಿವೆ. ಆರನ್ನೂ ಕಳ್ಳ ಹೊತ್ತೊಯ್ದರೆ ಒಂದು ಹೊತ್ತು ಬೈದು ಸುಮ್ಮನಾಗುತ್ತಿದ್ದೆ. ಇದನ್ನು ಮಾತ್ರ ಮಗುವಿನ ಹಾಗೆ ಇಟ್ಟುಕೊಂಡಿದ್ದೆ.

ಹಾಗಾದರೆ ಯಾಕಯ್ಯಾ ಮಾರಿದೆ ಎಂದರೆ, ನನ್ನ ಬೆರಳುಗಳು ಕೈಕೊಟ್ಟಿದ್ದವು. ಮೊದಲು ಬಲಗೈ, ಆಮೇಲೆ ಎಡಗೈ. ಗೆಣ್ಣುಗಳು ಊದಿ, ಮಡಚಲು ಹೋದರೆ ಅರ್ಧಕ್ಕೇ ನಿಲ್ಲುತ್ತಿದ್ದವು. ಈ ಗಡಿಯಾರಕ್ಕೆ ದಿನಾ ಬೆಳಿಗ್ಗೆ ಕೈಯಲ್ಲಿ ಕೀ ಕೊಡಬೇಕು. ಹೆಬ್ಬೆರಳು, ತೋರುಬೆರಳು ಎರಡೂ ಸೇರದಿದ್ದರೆ ಅಷ್ಟು ಸಣ್ಣ ಕೀಲಿ ತಿರುಗುವುದಾದರೂ ಹೇಗೆ? ಬಟ್ಟೆ ಸುತ್ತಿ ನೋಡಿದೆ, ಹಲ್ಲಿನಲ್ಲಿ ಕಚ್ಚಿ ತಿರುಗಿಸಲೂ ನೋಡಿದೆ. ಹೆಂಡತಿಗೆ ಹೇಳಿದ್ದರೆ ತಿರುಗಿಸಿ ಕೊಡುತ್ತಿದ್ದಳು. ಹೇಳಲಿಲ್ಲ. ಯಾರಿಗೂ ಹೇಳಲಿಲ್ಲ. ಬೆರಳು ಕಲಿಸಿದ ಮೇಷ್ಟ್ರಿಗೇ ಬೆರಳಿಲ್ಲ ಎಂದು ಜನ ಆಡಿಕೊಳ್ಳುತ್ತಾರೆಂದು ನಾಚಿಕೆ. ಕಂಪ್ಯೂಟರ್ ಬಂತು, ಇನ್ನು ಇದ್ಯಾಕೆ ಎಂದು ಎಲ್ಲರಿಗೂ ಸುಳ್ಳು ಹೇಳಿದ್ದೆ. ಓಡದೆ ನಿಂತ ಗಡಿಯಾರದೊಳಗೆ ಎಣ್ಣೆ ಗಟ್ಟಿಯಾಗುತ್ತದೆ. ದಿನಾ ತಪ್ಪದೆ ಕೀ ಕೊಡುವ ಕೈಗೆ ಅದನ್ನು ಸೇರಿಸಬೇಕು ಎನ್ನುವುದೊಂದೇ ನನ್ನ ಆಸೆ.

ಬಸ್ಸು ಬಂತು. ಕಂಡಕ್ಟರ್ ಚಿಲ್ಲರೆ ಕೊಡದೆ ಟಿಕೆಟಿನ ಹಿಂದೆ ಬರೆದುಕೊಟ್ಟ. ಇಳಿಯುವಾಗ ಕೇಳಿ ವಸೂಲು ಮಾಡಿದೆ. ದಾರಿಯುದ್ದಕ್ಕೂ ಶೇಂಗಾ ಕೀಳುತ್ತಿದ್ದರು. ಚಳ್ಳಕೆರೆ ಹತ್ತಿರವಾದಂತೆ ಎಣ್ಣೆ ಮಿಲ್ಲುಗಳ ಹಿಂಡಿಯ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಆ ವಾಸನೆಗೆ ನನಗೆ ಯಾವಾಗಲೂ ಹಸಿವಾಗುತ್ತದೆ. ನಿಲ್ದಾಣದ ಎದುರು ಮಂಡಕ್ಕಿ, ಮೆಣಸಿನಕಾಯಿ ತಿಂದು ಖಾದರ್ ಸಾಬರ ಅಂಗಡಿಗೆ ನಡೆದೆ.

ಖಾದರ್ ಸಾಬರು ಗಡಿಯಾರ ರಿಪೇರಿ ಮಾಡುವವರು, ನನ್ನ ಹಳೇ ಪರಿಚಯ. ಗಿರಾಕಿ ಹುಡುಕಿದ್ದೇನೆ ಬನ್ನಿ ಎಂದು ಕರೆಸಿದ್ದೂ ಅವರೇ. ಗಡಿಯಾರ ಕೈಗೆತ್ತಿಕೊಂಡು ಕಿವಿಗಿಟ್ಟು, “ಅರೇ, ನಿಂತೈತಲ್ಲ! ಕೀ ಕೊಡಿ ಮೇಷ್ಟ್ರೇ, ನೋಡಾನ” ಎಂದರು.

“ನೀವೇ ಕೊಡಿ ಸಾಬ್ರೇ. ನಿಮ್ಮ ಕಸುಬು ನಾನ್ಯಾಕೆ ಕಸೀಲಿ?” ಎಂದು ನಕ್ಕು ಕೈಯನ್ನು ಜೇಬಿಗೆ ಇಳಿಬಿಟ್ಟೆ. ಅವರು ಕೀ ಕೊಟ್ಟರು. ಟಿಕ್ ಟಿಕ್ ಶುರುವಾಯಿತು. “ಏಕ್‌ದಂ ಫಸ್ಟ್ ಕ್ಲಾಸ್ ಮಾಲು” ಎಂದರು.

ಸಾಬರು ಹೇಳಿದ ಮೊದಲ ಗಿರಾಕಿ ಅಲ್ಲೇ ಚಳ್ಳಕೆರೆಯ ಒಬ್ಬ ಮಿಲ್ ಸಾಹುಕಾರ. ಇಬ್ಬರೂ ಅವನ ಮನೆಗೆ ಹೋದೆವು. ಕೈತುಂಬ ಉಂಗುರ, ಮಾತಿಗೆ ಮುಂಚೆ ಆಕಳಿಕೆ. “ಶೋಕೇಸ್‌ನಾಗೆ ಇಡ್ತೀನಿ ಬಿಡ್ರಿ. ಬಂದೋರು ನೋಡ್ಲಿ” ಎಂದ.

“ದಿನಾ ಕೀ ಕೊಡಬೇಕಾಗುತ್ತೆ.”

“ಅಯ್ಯೋ, ಓಡಿದ್ರೇನು, ಬಿಟ್ರೇನು? ಟೈಮ್ ನೋಡಾಕೆ ಗ್ವಾಡೆ ಮ್ಯಾಲೆ ಬ್ಯಾಟ್ರಿದು ಐತೆ.”

ನನಗೆ ಮೈಯೆಲ್ಲ ಉರಿದುಹೋಯಿತು. ಕರವಸ್ತ್ರ ಸುತ್ತಿ ಜೇಬಿಗಿಟ್ಟು, “ಶೋಕೇಸಿಗೆ ಗೊಂಬೆ ತಂದಿಡಿ ಸಾಹುಕಾರ್ರೇ, ಅದು ಕೀ ಕೇಳೋದಿಲ್ಲ” ಎಂದು ಎದ್ದುಬಂದೆ. ಹೊರಗೆ ಬಂದ ಮೇಲೆ ಖಾದರ್ ಸಾಬರು ತಲೆ ಚಚ್ಚಿಕೊಂಡರು. “ನಿಮ್ ಕೋಪಕ್ಕೆ ಏನ್ ಮಾಡೋದು ಮೇಷ್ಟ್ರೇ? ಇನ್ನೊಬ್ರು ಅವ್ರೆ ಅಂದಿದ್ನಲ್ಲ. ಮೊಳಕಾಲ್ಮೂರಿನ ಓಬಯ್ಯ. ಕುರಿ ವ್ಯಾಪಾರ. ಗಡಿಯಾರ ಅಂದ್ರೆ ಹುಚ್ಚು. ಅಲ್ಲಾದ್ರೂ ಬಾಯಿ ಮುಚ್ಕೊಂಡಿರಿ.”

ಮೊಳಕಾಲ್ಮೂರು ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಿ.ಜಿ. ಕೆರೆಯಲ್ಲಿ ಅರ್ಧ ಬಸ್ಸು ಇಳಿದ ಮೇಲೆ ಕಿಟಕಿ ಸಿಕ್ಕಿತು. ಒಂದು ಕುರಿಮಂದೆ ರಸ್ತೆ ದಾಟುವವರೆಗೆ ಡ್ರೈವರ್ ಎಂಜಿನ್ ಆರಿಸಿ ಬೀಡಿ ಸೇದಿದ. ಪಕ್ಕದ ಇಬ್ಬರು ಹೆಂಗಸರು ಕನ್ನಡದಲ್ಲಿ ಶುರುಮಾಡಿದ ಜಗಳವನ್ನು ತೆಲುಗಿನಲ್ಲಿ ಮುಗಿಸಿದರು. ಬಂಡೆಗುಡ್ಡಗಳು ಕಾಣತೊಡಗಿದಾಗ, ಇಲ್ಲೇ ಇಳಿದು ವಾಪಸ್ ಹೋಗಿಬಿಡಲೇ ಎನಿಸಿತು. ಹೋಗಿ ಮಾಡುವುದೇನು? ಪೆಟ್ಟಿಗೆಯಲ್ಲಿಟ್ಟು ಸಾಯಿಸುವುದು ತಾನೇ!

ಓಬಯ್ಯನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಎಡಬಲ ಮಗ್ಗದ ಸದ್ದು ಕೇಳುವ ಬೀದಿಯಲ್ಲಿ ಕುರಿ ಕಟ್ಟಿದ ಮನೆ ಅದೊಂದೇ. ಆಸಾಮಿ ಜಗಲಿಯ ಮೇಲೆ ಕೂತಿದ್ದ. ದಪ್ಪ ಮೀಸೆ, ಎರಡೂ ಮುಂಗೈಗೆ ಒಂದೊಂದು ಗಡಿಯಾರ, ಸುತ್ತ ನಾಲ್ಕೈದು ಜನ ಪರಿವಾರ. ನಾನು ಗುಂಡಿ ಒತ್ತಿ ತೋರಿಸಬೇಕಾಯಿತು. ಹೆಬ್ಬೆರಳ ಬುಡದಿಂದ ಹೇಗೋ ಒತ್ತಿದೆ. ಮುಳ್ಳು ಓಡಿದ್ದೇ ತಡ, ಆ ದೊಡ್ಡ ಮನುಷ್ಯ ಹುಡುಗನಂತೆ ಕುಣಿದಾಡಿದ. “ಲೇ, ನೋಡ್ರಲೇ, ಹೆಂಗ್ ಓಡ್ತೈತೆ!” ಒಳಗಿನಿಂದ ಬಂದ ಅವನ ಹೆಂಡತಿ ತಿಪ್ಪಮ್ಮ, “ಎಂತ ಬಾಗುಂದಿ!”, ಎಷ್ಟು ಚೆನ್ನಾಗಿದೆ ಎಂದು ತೆಲುಗಿನಲ್ಲಿ ಹೇಳಿ ಕೆನ್ನೆಗೆ ಕೈಯಿಟ್ಟುಕೊಂಡಳು.

“ರೇಟು ಹೇಳಲೇ?” ಎಂದೆ.

ಓಬಯ್ಯ ಥಟ್ಟನೆ ಕೈ ಅಡ್ಡ ಹಿಡಿದ. “ಬಾಯಾಗೆ ಹೇಳ್ಬ್ಯಾಡ್ರಿ ಮೇಷ್ಟ್ರೇ! ಇವ್ರೆಲ್ಲ ನನ್ ಸಂಬಂಧಿಕ್ರು. ರೇಟು ಕೇಳಿದ್ರೆ ನಾಳೆನೇ ಸಾಲಕ್ಕೆ ಬರ್ತಾರೆ. ನಮ್ದು ಏನಿದ್ರೂ ಟವಲ್ ಕೆಳಗೆ.” ಜನ ಗೊಳ್ಳೆಂದು ನಕ್ಕರು.

ಕುರಿ ವ್ಯಾಪಾರದ ಪದ್ಧತಿ ಅದು. ಇಬ್ಬರೂ ಟವಲಿನ ಕೆಳಗೆ ಕೈ ಸೇರಿಸುತ್ತಾರೆ. ಒಬ್ಬ ಇನ್ನೊಬ್ಬನ ಬೆರಳು ಹಿಡಿಯುತ್ತಾನೆ. ಹಿಡಿದ ಒಂದೊಂದು ಬೆರಳಿಗೆ ಒಂದೊಂದು ಸಾವಿರ. ಒಪ್ಪಿಗೆಯಾಗದಿದ್ದರೆ ಅವನು ತಿರುಗಿ ಇವನ ಬೆರಳು ಹಿಡಿಯಬೇಕು. ನೋಡುವವರಿಗೆ ಮುಖ ಬಿಟ್ಟು ಬೇರೇನೂ ಕಾಣುವುದಿಲ್ಲ. ಬೇಡ ಎನ್ನಲು ನೆಪ ಹುಡುಕುವಷ್ಟರಲ್ಲಿ ಟವಲು ನನ್ನ ಬಲಗೈ ಮೇಲೆ ಬಿದ್ದಿತ್ತು.

ಓಬಯ್ಯ ನನ್ನ ಮೂರು ಬೆರಳು ಹಿಡಿದು ಗಟ್ಟಿಯಾಗಿ ಅಮುಕಿದ. ನೋವಿಗೆ ಕಣ್ಣಲ್ಲಿ ನೀರು ಬಂತು, ಹಲ್ಲು ಕಚ್ಚಿ ತಡೆದುಕೊಂಡೆ. ನನ್ನ ಲೆಕ್ಕ ಐದು. ಅವನ ಐದೂ ಬೆರಳು ಹಿಡಿಯಲು ಹೋದೆ. ಕೈ ಮುಚ್ಚಲೇ ಇಲ್ಲ. ಮೂರು ಬೆರಳು ಜಾರಿ, ಎರಡು ಮಾತ್ರ ನನ್ನ ಹಿಡಿತದಲ್ಲಿ ಉಳಿದವು.

ಕೊಳ್ಳುವವನು ಮೂರು ಎಂದಿದ್ದಾನೆ, ಮಾರುವವನು ಎರಡು ಎನ್ನುತ್ತಿದ್ದಾನೆ! ಓಬಯ್ಯ ನನ್ನ ಮುಖ ನೋಡಿದ. ಮತ್ತೊಮ್ಮೆ ಪ್ರಯತ್ನಿಸಿದೆ. ಮತ್ತೂ ಎರಡೇ. ಭೂಮಿ ಬಾಯಿಬಿಡಬಾರದೇ ಎನಿಸಿತು.

ಆಗ ಅವನ ಕೈ ಸಡಿಲವಾಯಿತು. ನನ್ನ ಬೆರಳುಗಳನ್ನು ಒಂದೊಂದಾಗಿ, ಗೆಣ್ಣು ಗೆಣ್ಣಾಗಿ, ಮೆಲ್ಲಗೆ ಸವರಿ ನೋಡಿದ. ಹೆಂಡತಿಗೂ ಡಾಕ್ಟರಿಗೂ ಮುಟ್ಟಗೊಡದ ಬೆರಳುಗಳು. ಅವನ ಮುಖದ ಮೇಲಿನ ವ್ಯಾಪಾರದ ನಗು ಹಾಗೇ ಇತ್ತು, ಕಣ್ಣು ಮಾತ್ರ ಬೇರೆಯಾಗಿತ್ತು. ಆಮೇಲೆ ತನ್ನ ಐದೂ ಬೆರಳನ್ನು ಕೂಡಿಸಿ ನನ್ನ ಅಂಗೈಯೊಳಗೆ ತಾನೇ ಇಟ್ಟ. ನಾನು ಅಂಗೈಯಿಂದ ಒತ್ತಿದೆ. ಅವನು ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಎಷ್ಟಕ್ಕಾತೋ ಓಬಯ್ಯ?” ಎಂದು ಒಬ್ಬ ಕೇಳಿದ.

“ಟವಲ್ ಕೆಳಗಿನ ಮಾತು ನಿಂಗ್ಯಾಕ್ಲೇ?” ಎಂದು ಗದರಿ, ಗಡಿಯಾರ ಕಟ್ಟಿಕೊಳ್ಳುತ್ತ ನನ್ನ ಕಡೆ ತಿರುಗಿದ. “ದಿನಾ ಹೊತ್ತಾರೆ ಎದ್ದ ಕೂಡ್ಲೆ ನಾನೇ ಕೀ ಕೊಡ್ತೀನಿ ಮೇಷ್ಟ್ರೇ. ನೀವು ಚಿಂತೆ ಮಾಡ್ಬ್ಯಾಡ್ರಿ.” ದಿನಾ ಕೀ ಕೊಡಬೇಕು ಎನ್ನುವ ಮಾತನ್ನೇ ನಾನು ಅಲ್ಲಿ ಎತ್ತಿರಲಿಲ್ಲ.

ತಿಪ್ಪಮ್ಮ ಮುದ್ದೆ ಊಟ ಬಡಿಸಿದಳು. ಓಬಯ್ಯ ಊಟಕ್ಕೆ ಕೂರದೆ, ಕೆಲಸವಿದೆ ಎಂದು ಒಳಗೆ ಹೋದವನು ಬಸ್ಸಿನ ಹೊತ್ತಿಗೇ ಹೊರಬಂದ. ನಿಲ್ದಾಣದವರೆಗೆ ಬಂದು, ಸೀಟು ಹಿಡಿದು ಕೂರಿಸಿ, ಕಿಟಕಿಯಿಂದ ಒಂದು ಪೊಟ್ಟಣ ಕೊಟ್ಟ. “ನಮ್ ಹೊಲದ ಶೇಂಗಾ. ಹುರಿದೀವಿ. ದಾರಿಗೆ ಆಗ್ತೈತೆ.”

ಊರು ದಾಟಿದ ಮೇಲೆ ಪೊಟ್ಟಣ ಬಿಚ್ಚಿದೆ. ಒಂದು ಕಾಯಿಗೂ ಸಿಪ್ಪೆ ಇರಲಿಲ್ಲ. ಎಲ್ಲವನ್ನೂ ಸುಲಿದು, ಬರೀ ಬೀಜ ತುಂಬಿದ್ದ. ಅಷ್ಟು ಹೊತ್ತು ಒಳಗೆ ಕೂತು ಮಾಡಿದ ಕೆಲಸ ಅದು.

ನಾನು ಕಿಟಕಿಗೆ ಮುಖ ಮಾಡಿ ಅತ್ತುಬಿಟ್ಟೆ. ಆಮೇಲೆ ತಿನ್ನತೊಡಗಿದೆ. ಪಕ್ಕದವನು ಎರಡು ಸಲ ಪೊಟ್ಟಣದ ಕಡೆ ನೋಡಿದ. ಬಸ್ಸಿನಲ್ಲಿ ಏನು ತಿಂದರೂ ಪಕ್ಕದವರಿಗೆ ಕೊಡುವ ಮನುಷ್ಯ ನಾನು. ಆ ದಿನ ಒಂದು ಬೀಜವನ್ನೂ ಕೊಡಲಿಲ್ಲ.