ಪದ್ಮಕ್ಕನ ಅನುಮಾನದ ಕಣ್ಣು

ಪದ್ಮಕ್ಕನ ಕೈಗೆ ಚಹಾ ಕೊಟ್ಟರೆ ಮೊದಲು ಕೊಟ್ಟವರ ಮುಖ ನೋಡುತ್ತಿದ್ದರು, ಆಮೇಲೆ ಲೋಟದೊಳಗೆ ಇಣುಕುತ್ತಿದ್ದರು. ನಾನು ಒಂದು ಗುಟುಕು ಕುಡಿದ ಮೇಲೆಯೇ ಅವರದು ಶುರು. "ವಿಷ ಹಾಕಿದ್ರ ನಾನೂ ಸಾಯ್ತೇನಿ ನೋಡ್ರಿ ಅಕ್ಕಾ" ಎಂದು ಕೆಣಕಿದರೆ, "ನಿಂದೇನ್ ಹೇಳಾಕ ಬರ್ತೈತಿ? ಭಾಳ ಹಟಮಾರಿ ಅದಿ" ಎನ್ನುವವರು.

ಗಡಿಯಾಚೆ ಮಹಾರಾಷ್ಟ್ರದ ಇಚಲಕರಂಜಿಯ ಶಹಾಪುರದಲ್ಲಿ ನಾವಿಬ್ಬರೂ ಒಂದೇ ಮಗ್ಗದ ಕಾರ್ಖಾನೆಯಲ್ಲಿದ್ದೆವು. ಇಳಿದ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಎಳೆದು ನೋಡಿ, ತಪ್ಪಿದ್ದಲ್ಲಿ ಸೀಮೆಸುಣ್ಣದ ಗುರುತು ಹಾಕುವುದು ಪದ್ಮಕ್ಕನ ಕೆಲಸ. ಕಡಿದ ಎಳೆ ಜೋಡಿಸುವುದು ನನ್ನದು. ಅವರ ಗುರುತು ಬಿತ್ತೆಂದರೆ ಮಾಲಕರೂ ಮರುಮಾತಾಡುತ್ತಿರಲಿಲ್ಲ. ನೇಕಾರರು ಎದುರಿಗೆ ಮರಾಠಿ ಮರ್ಯಾದೆಯಲ್ಲಿ "ಬಾಯಿ" ಎಂದು ಕರೆದು, ಬೆನ್ನ ಹಿಂದೆ "ಸಿ.ಐ.ಡಿ." ಎನ್ನುತ್ತಿದ್ದರು.

ನಿದ್ದೆಯ ಮೇಲಂತೂ ಅವರಿಗೆ ಎಳ್ಳಷ್ಟೂ ನಂಬಿಕೆಯಿರಲಿಲ್ಲ. ಜೈನರ ಮನೆ, ಹೊತ್ತು ಮುಳುಗುವುದರೊಳಗೆ ಊಟ ಮುಗಿದಿರುತ್ತಿತ್ತು, ಹಾಯಾಗಿ ಮಲಗಬಹುದಿತ್ತು. ಆದರೆ ಗಂಡನದು ರಾತ್ರಿ ಪಾಳಿ, ಮನೆಯ ಗೋಡೆಗೆ ಹತ್ತಿದ್ದು ಮಗ್ಗದ ಶೆಡ್ಡು. ನಮ್ಮ ಕಡೆ ಮಗ್ಗದ ಸದ್ದಿಗೆ ಎಲ್ಲರಿಗೂ ನಿದ್ದೆ ಹತ್ತುತ್ತದೆ, ಕರೆಂಟು ಹೋಗಿ ಸದ್ದು ನಿಂತರೆ ಎಚ್ಚರವಾಗುತ್ತದೆ. ನಾವು ಬೈದುಕೊಂಡು ಮಗ್ಗಲು ಬದಲಿಸುತ್ತೇವೆ. ಪದ್ಮಕ್ಕ ಎದ್ದು ಕೂತು, ಯಾರು ನಿಲ್ಲಿಸಿದರು, ಯಾಕೆ ನಿಲ್ಲಿಸಿದರು ಎಂದು ಬೆಳಗಿನ ತನಕ ಕಿವಿಗೊಡುತ್ತಿದ್ದರು. "ಮಲಗೂದಂದ್ರ ಮಂದಿ ಕೈಯಾಗ ಮನಿ ಕೊಟ್ಟಂಗ, ತಂಗೀ. ಕಣ್ಣ ಮುಚ್ಚಿದ ಮ್ಯಾಲ ಏನ್ ನಡೀತೈತಿ ಅನ್ನೂದು ನಿನಗೇನ್ ಗೊತ್ತು?"

ಹೋದ ಮಳೆಗಾಲದಲ್ಲಿ ಕರೆಂಟು ಪದೇ ಪದೇ ಹೋಗತೊಡಗಿತು. ನಿದ್ದೆಗೆಟ್ಟು ಪದ್ಮಕ್ಕನ ಕಣ್ಣುಗಳು ಕೆಂಡವಾದವು. ಅದೇ ದಿನಗಳಲ್ಲಿ ಬಾಪುವಿನ ಬಟ್ಟೆಯ ಮೇಲೆ ಅವರ ಗುರುತು ಬೀಳತೊಡಗಿತು. ಬಾಪು ಪಕ್ಕದೂರು ಕೊರೋಚಿಯವನು, ಎರಡು ಮಕ್ಕಳ ತಂದೆ, ಚೊಕ್ಕ ಕೆಲಸದವನು. ಉಳಿದವರದು ಸಾದಾ ಬಟ್ಟೆ, ಅವನದೊಂದು ಮಾತ್ರ ಸಣ್ಣ ಗೆರೆಯದು. "ಗೆರಿ ಸೊಟ್ಟ ಐತಿ" ಎನ್ನುತ್ತಿದ್ದರು ಪದ್ಮಕ್ಕ. ನನ್ನ ಕಣ್ಣಿಗೆ ಗೆರೆ ನೆಟ್ಟಗಿತ್ತು. ಬಾಪುವನ್ನು ಕೆಲಸದಿಂದ ಬಿಡಿಸಲು ಮಾಲಕರೇ ಇವರಿಗೆ ಹೇಳಿಕೊಟ್ಟಿರಬಹುದೇ ಎಂದು ನನಗೆ ಅನುಮಾನ. ಬಾಯಿಬಿಟ್ಟು ಕೇಳಿದ್ದಕ್ಕೆ, "ನೀನೂ ಅವನೂ ಕೂಡ್ಯೇರಿ, ನನಗ ತಿಳೀತೈತಿ" ಎಂದರು. ಆ ವಾರವೇ ಮಾಲಕರು ಬಾಪುವಿಗೆ, ನಾಳೆಯಿಂದ ಬರಬೇಡವೆಂದು ಮರಾಠಿಯಲ್ಲಿ ಚುಟುಕಾಗಿ ಹೇಳಿಬಿಟ್ಟರು.

ಕೆಲವು ದಿನ ಕಳೆದಿರಬೇಕು. ಮಧ್ಯಾಹ್ನ ಪದ್ಮಕ್ಕ ಮೇಜಿನಿಂದ ತಲೆಯೆತ್ತಿದವರೇ ಕೂಗಿಕೊಂಡರು: "ಏ, ಕಿಡಕೀ ಸಳಿ ಯಾರ ಬಗ್ಗಿಸ್ಯಾರ? ಕಳ್ಳ ಕೈ ಹಾಕ್ಯಾನ ಇಲ್ಲೆ!"

ಎಲ್ಲರೂ ಓಡಿ ಬಂದೆವು. ಸರಳುಗಳು ನೆಟ್ಟಗೇ ನಿಂತಿದ್ದವು. ಯಾರೋ ಕಿಸಕ್ಕನೆ ನಕ್ಕರು. ನಮ್ಮನ್ನೆಲ್ಲ ದುರುಗುಟ್ಟಿ ನೋಡಿ, ಪದ್ಮಕ್ಕ ತಾವೇ ಹೋಗಿ ಸರಳನ್ನು ಮೇಲಿಂದ ಕೆಳಗೆ ಸವರಿದರು. ಮತ್ತೆ ಸವರಿದರು. ಕೈಗೆ ನೆಟ್ಟಗೆ, ಕಣ್ಣಿಗೆ ಸೊಟ್ಟ. ಅವರ ಮುಖ ಬಿಳಿಚಿಕೊಂಡಿತು. "ಅಂದ್ರ ಬಾಪೂನ ಬಟ್ಟಿ..." ಎಂದು ಕೈಯಲ್ಲಿದ್ದ ಸೀಮೆಸುಣ್ಣ ಕೆಳಗಿಟ್ಟರು. ಅಯ್ಯೋ ಅನ್ನಿಸಿತು ನನಗೆ.

ಕೊಲ್ಹಾಪುರದ ಕಣ್ಣಿನ ಡಾಕ್ಟರರ ಬಳಿ ನಾನೇ ಕರೆದೊಯ್ದೆ. ಕಣ್ಣಿನ ಒಳಪರದೆಯ ಕೆಳಗೆ ನೀರು ಸೇರಿದೆ, ಅದಕ್ಕೇ ನೆಟ್ಟಗಿದ್ದದ್ದು ಸೊಟ್ಟ ಕಾಣುತ್ತದೆ, ನಿದ್ದೆಗೇಡು, ಚಿಂತೆ ಇದಕ್ಕೆ ಕಾರಣವಿರಬಹುದು, ಬಿ.ಪಿ.ಯೂ ಏರಿದೆ ಎಂದರು ಅವರು. ಹಲವರಿಗೆ ತಾನಾಗಿ ಇಳಿಯುತ್ತದೆ. ಚೆನ್ನಾಗಿ ನಿದ್ದೆ ಮಾಡಿ, ತಪ್ಪದೆ ಮತ್ತೆ ತೋರಿಸಿ ಎಂದು ಕಳಿಸಿದರು. ಪದ್ಮಕ್ಕ ಹೊರಗೆ ಬಂದದ್ದೇ ತಡ, "ಮಲಗು ಅನ್ನಾಕ ಅಷ್ಟು ಓದ್ಯಾನೇನು? ಇವಂದೂ ಏನೋ ಐತಿ" ಎಂದು ಗೊಣಗಿದರು.

ಮರುದಿನ ನನ್ನನ್ನು ಕರೆದುಕೊಂಡು ಕೊರೋಚಿಗೆ ಹೋದರು. ಬಾಪುವಿಗೆ ಇನ್ನೂ ಕಾಯಂ ಕೆಲಸ ಸಿಕ್ಕಿರಲಿಲ್ಲ. ಪದ್ಮಕ್ಕ ಎಲ್ಲವನ್ನೂ ಹೇಳಿ, ತಿರುಗಿ ಬಾ ಎಂದರು. ಅವನು ಚಾಪೆ ಹಾಸಿ ನಮ್ಮನ್ನು ಕೂರಿಸಿದ.

"ನಿಮ್ಮ ಮ್ಯಾಲ ಸಿಟ್ಟಿಲ್ರಿ ಬಾಯಿ. ಖರೆ, ಇನ್ನ ನೀವು ನನ್ನ ಬಟ್ಟಿ ನೋಡುವಾಗ ನಾನು ನಿಮ್ಮ ಕಣ್ಣ ನೋಡಕೋತ ನಿಂದರಬೇಕಾಗ್ತೈತಿ. ನನಗ ನಂಬಿಕಿ ಹೋಗೈತ್ರಿ."

ಜಗತ್ತನ್ನೆಲ್ಲ ಅನುಮಾನಿಸಿದ ಹೆಂಗಸಿಗೆ ಆ ಮಾತು ಎಲ್ಲಿ ತಾಕಿತೋ ಏನೋ. ಮರುದಿನ ಬೆಳಿಗ್ಗೆ ಎಲ್ಲರೆದುರಿಗೆ ಮಾಲಕರಿಗೆ ಹೇಳಿದರು: "ತಪ್ಪು ಬಟ್ಟ್ಯಾಗ ಇರಲಿಲ್ರಿ, ನನ್ನ ಕಣ್ಣಾಗ ಇತ್ತು. ಬಾಪೂನ್ನ ಕರಸ್ರಿ. ನನ್ನ ಜಾಗಾದಾಗ ಇಕಿನ್ನ ಕೂಡಸ್ರಿ." ನನ್ನತ್ತ ಕೈ ತೋರಿಸಿದರು.

ಪದ್ಮಕ್ಕ ಕಣ್ಣಿಗೆ ವಿಶ್ರಾಂತಿಯೆಂದು ಗಡಹಿಂಗ್ಲಜಿನ ತಂಗಿಯ ಮನೆಗೆ ಹೊರಟ ದಿನ ನಾನು ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. "ಬಾಪು ಬಂದಾನೇನು?" ಎಂದರು. ಬಂದಾನ ಎಂದೆ. "ನೀ ಖುದ್ದ ನೋಡಿದಿ?" ಎಂದು ನನ್ನ ಮುಖವನ್ನೇ ದಿಟ್ಟಿಸಿದರು. ಹೌದ್ರಿ ಅಕ್ಕಾ ಎಂದೆ. ಕಿಟಕಿಗೆ ತಲೆಯೊರಗಿಸಿದವರು ಬಸ್ಸು ಹೊರಡುವ ಮೊದಲೇ ನಿದ್ದೆ ಹೋಗಿದ್ದರು. ಆಮೇಲೆ ನಾವು ಭೇಟಿಯಾಗಿಲ್ಲ.

ಈಗ ಅವರ ಮೇಜಿನಲ್ಲಿ ನಾನು ಕೂರುತ್ತೇನೆ. ಬಾಪು ದಿನಾ ಬೆಳಿಗ್ಗೆ ಬಟ್ಟೆಯ ಗಂಟು ಹೊತ್ತು ತರುತ್ತಾನೆ, ಆದರೆ ಇಳಿಸುವುದಿಲ್ಲ. ಹೆಗಲ ಮೇಲೆ ಇಟ್ಟುಕೊಂಡೇ ನನ್ನ ಕಣ್ಣನ್ನು ಒಂದೊಂದಾಗಿ ನೋಡುತ್ತಾನೆ.

"ಅಕ್ಕಾ, ರಾತ್ರಿ ನಿದ್ದಿ ಆತೇನ್ರಿ?"