ಒಂದು ಚೊಂಬು ನೀರು, ಐವತ್ತೆಂಟು ಕೀಗಳು

ಮೂರು ವರ್ಷದ ಹಿಂದಿನ ಆಯುಧಪೂಜೆಯ ದಿನ ಬೆಳಿಗ್ಗೆ ಏಳೂಕಾಲು ಗಂಟೆಗೆ ನಾನು ಬಾಬುರಾಯನಕೊಪ್ಪಲಿನ ಒಂದು ಮನೆಯ ಹೊಸ್ತಿಲ ಹೊರಗೆ, ಬಾಗಿಲ ಎಡಪಕ್ಕದಲ್ಲಿ ನಿಂತಿದ್ದೆ. ಬಲಗಾಲಿನ ಚಪ್ಪಲಿ ಬಿಟ್ಟಿದ್ದೆ, ಎಡಗಾಲಿನದನ್ನು ಬಿಡಲು ಬಗ್ಗಿದ್ದೆ. ಅಲ್ಲಿಂದ ನಡುಮನೆಯ ಪಿಯಾನೊಗೆ ಎಂಟು ಹೆಜ್ಜೆ. ಆಮೇಲೆ ಅಳೆದು ನೋಡಿದ್ದೇನೆ. ಪಿಯಾನೊದ ಮುಚ್ಚಳ ತೆರೆದಿತ್ತು. ತೆರೆದಿಟ್ಟವನು ನಾನೇ, ಹಿಂದಿನ ಸಂಜೆ ಶ್ರುತಿ ಮಾಡಿ ಮುಗಿಸಿದ ಮೇಲೆ.

ಮನೆಯ ಯಜಮಾನರು ಎಂಬತ್ತರ ಹತ್ತಿರದ ರೈತರು. ಒದ್ದೆ ಪಂಚೆಯಲ್ಲೇ ಅದರ ಮುಂದೆ ನಿಂತು ಕಣ್ಣು ಮುಚ್ಚಿದ್ದರು. ತುಟಿ ಅಲ್ಲಾಡುತ್ತಿತ್ತು. ಎರಡೂ ಕೈಯಲ್ಲಿ ಒಂದು ಹಿತ್ತಾಳೆ ಚೊಂಬು ಹಿಡಿದಿದ್ದರು. ಅವರು ಅದನ್ನು ಎತ್ತಿದ್ದನ್ನು ನೋಡಿದೆ. ಬಗ್ಗಿದವನು ನೆಟ್ಟಗಾಗುವಷ್ಟರಲ್ಲಿ ನೀರು ಕೀಗಳ ಮೇಲೆ, ನಡುವಿನಿಂದ ಬಲಗಡೆಗೆ, ಒಂದೇ ಧಾರೆಯಾಗಿ ಸುರಿದಿತ್ತು. ಪಿಯಾನೊ ಏನೂ ಸದ್ದು ಮಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಕೆಳಗೆ ನೆಲಕ್ಕೆ ತೊಟ್ಟಿಕ್ಕತೊಡಗಿತು.

ನಾನು ಕೂಗಬಹುದಿತ್ತು. ಚೊಂಬು ಎತ್ತಿದ್ದಕ್ಕೂ ಬಗ್ಗಿಸಿದ್ದಕ್ಕೂ ನಡುವೆ ಒಂದು ಮಾತಿನಷ್ಟು ಸಮಯ ಇತ್ತು. ಪೂಜೆಯಲ್ಲಿ ನಿಂತವರನ್ನು ಕೂಗಬಾರದೆಂಬುದು ಚಿಕ್ಕಂದಿನಿಂದ ಮೈಗೆ ಹತ್ತಿದ ಅಭ್ಯಾಸ. ನಾನು ಕೂಗಲಿಲ್ಲ.

ಹೋದ ವರ್ಷ ಕೆ.ಆರ್. ಪೇಟೆಯ ಬಸ್ ನಿಲ್ದಾಣದಲ್ಲಿ ಒಬ್ಬರು ನನಗೇ ಈ ಕತೆ ಹೇಳಿದರು. ಅವರ ಕತೆಯಲ್ಲಿ ಮುದುಕ ಸಿಟ್ಟಿನಿಂದ ನೀರು ಸುರಿದಿದ್ದ, ಪಿಯಾನೊ ನುಡಿಸುವ ಅವನ ಮೊಮ್ಮಗಳ ವಿದೇಶದ ಸಂಗೀತ ಕಛೇರಿ ತಪ್ಪಿಹೋಗಿತ್ತು. ಎರಡೂ ಸುಳ್ಳು. ಅದಕ್ಕೇ ನಾನು ಕಂಡಷ್ಟನ್ನು ಬರೆಯುತ್ತಿದ್ದೇನೆ.

ನಾನು ಪಾಂಡವಪುರದವನು. ಹಾರ್ಮೋನಿಯಂ ರಿಪೇರಿ ನನ್ನ ಕಸುಬು. ನಾಗಮಂಗಲ, ಕೆ.ಆರ್. ಪೇಟೆ ಕಡೆಯ ಹಳ್ಳಿಗಳ ಪೌರಾಣಿಕ ನಾಟಕಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದುದರಿಂದ ಎಲ್ಲರೂ ಮೇಷ್ಟ್ರು ಎನ್ನುತ್ತಾರೆ. ಪಿಯಾನೊ ಕೆಲಸವನ್ನು ಮೈಸೂರಿನಲ್ಲಿ ಹಿರಿಯರೊಬ್ಬರಿಂದ ಕಲಿತೆ. ನಮ್ಮ ನಾಲ್ಕು ತಾಲ್ಲೂಕಿನಲ್ಲಿ ನನ್ನ ಕೈಗೆ ಬಂದ ಪಿಯಾನೊ ಇದೊಂದೇ. ಮೈಸೂರಿನ ಒಂದು ಶಾಲೆಯವರು ಬೇಡವೆಂದು ಬಿಟ್ಟದ್ದನ್ನು ಆ ಮನೆಯ ತಾತ ತಮ್ಮ ಟ್ರಾಕ್ಟರಿನಲ್ಲಿ ಹುಲ್ಲು ಹಾಸಿ ತಂದಿದ್ದರು. ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ತಂದೆತಾಯಿ ಇಲ್ಲದ ಹುಡುಗಿ. ದಿನಾ ಸಂಜೆ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಕಲಿತಳು, ಆಮೇಲೆ ವಿದ್ಯಾರ್ಥಿವೇತನ ಸಿಕ್ಕಿ ಯುರೋಪಿಗೆ ಹೋದಳು. ಈಗ ನುಡಿಸುವುದೇ ಅವಳ ಜೀವನ.

ಆ ಜೀವನ ಹೇಗಿರುತ್ತದೆಂದು ಹಿಂದಿನ ದಿನ ನಾನು ತಂತಿ ಬಿಗಿಯುತ್ತಿದ್ದಾಗ ಹೇಳಿದ್ದಳು. ಪಿಟೀಲಿನವರು ತಮ್ಮ ವಾದ್ಯವನ್ನು ತಾವೇ ಹೊತ್ತುಕೊಂಡು ಹೋಗುತ್ತಾರೆ. ಪಿಯಾನೊದವರಿಗೆ ಅದಿಲ್ಲ. ಹೋದ ಊರಿನಲ್ಲಿ ಇದ್ದದ್ದನ್ನೇ ನುಡಿಸಬೇಕು, ಬೆಳಿಗ್ಗೆ ಎರಡು ಗಂಟೆ ಹೊತ್ತು ಅದರ ಜೊತೆ ಕೂತು, ಸಂಜೆ ಅದರ ಮೇಲೆ ನಂಬಿಕೆ ಇಟ್ಟು.

ಬಾಗಿಲಲ್ಲಿ ಕೂತಿದ್ದ ತಾತ, "ಅಂಗಂದ್ರೆ ಊರೂರ್ನಾಗೂ ಬ್ಯಾರೆಯೋರ್ ಎತ್ತು ಕಟ್ಟಿ ಉಳೋದು ಅನ್ನು" ಎಂದಿದ್ದರು.

"ಊಂ ತಾತ. ಕೆಲವು ಒದೀತವೆ."

ಅವಳು ಆಗ ಇಪ್ಪತ್ತೇಳರವಳು. ಅದುವರೆಗೆ ಚಿಕ್ಕ ಸಭಾಂಗಣಗಳಲ್ಲಿ ನುಡಿಸಿದ್ದಳು. ಹಬ್ಬಕ್ಕೆಂದು ಊರಿಗೆ ಬಂದ ಮೂರನೇ ದಿನ ಫೋನು ಬಂತು. ಹೆಸರಾಂತ ಪಿಯಾನೊವಾದಕರೊಬ್ಬರಿಗೆ ಕಾಯಿಲೆ. ಅವರ ಬದಲು ದೊಡ್ಡ ವಾದ್ಯವೃಂದದ ಜೊತೆ ಮೂವತ್ತೈದು ನಿಮಿಷದ ಒಂದು ಕೃತಿ ನುಡಿಸಲು ಆಗುತ್ತದೆಯೇ ಎಂದು ಕೇಳಿದರು. ಓದುವಾಗ ಕಲಿತಿದ್ದಳು, ಜನರ ಮುಂದೆ ಒಮ್ಮೆಯೂ ನುಡಿಸಿರಲಿಲ್ಲ. ಆಗುತ್ತದೆ ಎಂದಳು. ಇಂಥ ಕರೆ ಎರಡನೇ ಸಲ ಬರುವುದಿಲ್ಲವಂತೆ, ಆಗುವುದಿಲ್ಲ ಎಂದವರ ಹೆಸರನ್ನು ಅವರು ಮತ್ತೆ ನೆನೆಯುವುದಿಲ್ಲವಂತೆ. ಪಾಸ್‌ಪೋರ್ಟು ಕಛೇರಿ ಇದ್ದ ದೇಶದ ವೀಸಾಕ್ಕೆಂದು ಹೋಗಿತ್ತು, ಬರುವವರೆಗೆ ಊರು ಬಿಡುವ ಹಾಗಿರಲಿಲ್ಲ. ಆಯುಧಪೂಜೆಯಿಂದ ಎಣಿಸಿದರೆ ಹತ್ತನೇ ದಿನ ವಿಮಾನ, ಹನ್ನೆರಡನೇ ದಿನ ಕಛೇರಿ. ಅದಕ್ಕೇ ನನ್ನನ್ನು ಕರೆಸಿದ್ದು. ನನ್ನ ಸಾಮಾನುಗಳನ್ನೂ ಪಿಯಾನೊದ ಪಕ್ಕವೇ ಪೂಜೆಗೆ ಇಡಿ ಎಂದು ಅಜ್ಜಿ ಹೇಳಿದ್ದರಿಂದ ಅಲ್ಲೇ ಬಿಟ್ಟುಹೋಗಿ, ಬೆಳಿಗ್ಗೆ ಪೂಜೆಗೆ ಬಂದಿದ್ದೆ.

ಟ್ರಾಕ್ಟರು, ಪಂಪು, ಕುಡುಗೋಲು, ಗುದ್ದಲಿ ಎಲ್ಲವನ್ನೂ ತಾತ ಹಿಂದಿನ ದಿನವೇ ಬೋರ್‌ವೆಲ್ ನೀರಿನಲ್ಲಿ ತೊಳೆದಿದ್ದರು. ಪಿಯಾನೊಗೆ ಮಾತ್ರ ಬೋರ್‌ವೆಲ್ ನೀರು ಆಗದೆಂದು ಬೆಳಿಗ್ಗೆ ಐದಕ್ಕೇ ಎದ್ದು ಶ್ರೀರಂಗಪಟ್ಟಣದ ಸ್ನಾನಘಟ್ಟಕ್ಕೆ ಹೋಗಿ, ಹೊಳೆಯಲ್ಲಿ ಮುಳುಗೆದ್ದು, ಒಂದು ಚೊಂಬು ಕಾವೇರಿ ತಂದಿದ್ದರು. ಉಳುವ ಸಾಮಾನಿಗೆಲ್ಲ ಸ್ನಾನವಾಗಿ ಮೊಮ್ಮಗಳ ಅನ್ನದ ಸಾಮಾನಿಗೆ ಮಾತ್ರ ಬರೀ ಕುಂಕುಮವೇ, ಇದು ಅವರ ಲೆಕ್ಕ. ಇದರಲ್ಲಿ ಸಿಟ್ಟು ಎಲ್ಲಿದೆಯೋ ನನಗೆ ಕಾಣದು.

ನೀರು ತೊಟ್ಟಿಕ್ಕುವ ಹೊತ್ತಿಗೆ ಅವಳು ಹಿತ್ತಲಿನಿಂದ ಬಂದಳು, ಅರ್ಧ ಜಡೆ ಹಾಕಿಕೊಂಡಿದ್ದಳು. ನೆಲದ ನೀರು ನೋಡಿದಳು, ಚೊಂಬು ನೋಡಿದಳು, ನನ್ನ ಮುಖ ನೋಡಿದಳು.

"ತಾತ, ಏಟ್ ಉಯ್ದೆ?"

"ಒಂದ್ ಚೊಂಬು."

"ತುಂಬಾನಾ?"

"ತುಂಬಾ. ಯಾಕ್ ಮಗ?"

"ಎಲ್ಲಿಂದ ಎಲ್ಲಿಗಂಟ? ಕೈಯಲ್ಲಿ ತೋರ್ಸು."

ಅವರು ತೋರಿಸಿದರು. ತೋರಿಸುತ್ತಿದ್ದ ಹಾಗೆ ಅವರಿಗೆ ಏನೋ ಹೊಳೆದಿರಬೇಕು, ಬೆರಳು ಗಾಳಿಯಲ್ಲೇ ನಿಂತಿತು. ಅವಳು ನಡುವಿನ ಒಂದು ಕೀ ಒತ್ತಿದಳು. ಒತ್ತಿದ ಕೀ ಮೇಲೆ ಬರಲಿಲ್ಲ.

"ಮೇಷ್ಟ್ರೇ, ಈಗ್ಲೇ ಬಿಚ್ಚಿ."

ಇಲ್ಲಿ ಒಂದು ತೊಡಕು. ಪೂಜೆಗೆ ಇಟ್ಟ ಸಾಮಾನನ್ನು ಆ ದಿನ ಮುಟ್ಟುವುದಿಲ್ಲ, ಕೆಲಸ ಮಾಡುವುದಿಲ್ಲ. ಮಾರನೆಯ ದಿನ ವಿಜಯದಶಮಿಗೆ ಎತ್ತುವುದು. ನನ್ನ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಗೆ ಅಜ್ಜಿ ಆಗಲೇ ಕುಂಕುಮವಿಟ್ಟು ಚೆಂಡುಹೂ ಏರಿಸಿದ್ದರು. ನಲವತ್ತು ವರ್ಷದಲ್ಲಿ ಒಮ್ಮೆಯೂ ನಾನು ಆ ನೇಮ ಮುರಿದಿರಲಿಲ್ಲ. ಇತ್ತ ಒಂದು ದಿನ ತಡವಾದರೆ ಕೀಗಳ ಒಳಗಿನ ಉಣ್ಣೆಯ ಪಟ್ಟಿಗಳು ನೀರು ಕುಡಿದು ಊದಿ, ಮರ ಸೊಟ್ಟಗಾಗುತ್ತದೆ. ಎರಡೂ ಗೊತ್ತಿದ್ದು ಸುಮ್ಮನೆ ನಿಂತಿದ್ದೆ.

ಅಡುಗೆಮನೆಯ ಬಾಗಿಲಿನಿಂದ ಅಜ್ಜಿ ಅಂದರು, "ಯಾಕ್ ನಿಂತ್ಕಂಡ್ರಿ ಮೇಷ್ಟ್ರೇ? ಬಸುರಿ ನೋವ್ ತಿನ್ತಾವ್ಳೆ ಅಂದ್ರೆ ಡಾಕ್ಟ್ರು ಕತ್ರಿ ಪೂಜೆಗಿಟ್ಟಿವ್ನಿ, ನಾಳಿಕ್ ಬಾ ಅಂತಾರಾ? ತಗಳಿ. ಪಾಪ ಬಂದ್ರೆ ನಂಗ್ ಬರ್ಲಿ."

ಅವರೇ ಹೂ ತೆಗೆದು ಸ್ಕ್ರೂಡ್ರೈವರನ್ನು ನನ್ನ ಕೈಗೆ ಕೊಟ್ಟರು.

ಒಟ್ಟು ಎಂಬತ್ತೆಂಟು ಕೀ. ಎಡಗಡೆಯ ಮೂವತ್ತಕ್ಕೆ ನೀರು ತಾಗಿರಲಿಲ್ಲ. ಉಳಿದ ಐವತ್ತೆಂಟನ್ನು ಒಂದೊಂದಾಗಿ ಕಿತ್ತು, ಮರದ ಮೇಲಿನ ಅಂಕಿ ನೋಡಿಕೊಂಡು, ನಡುಮನೆಯಲ್ಲಿ ಎರಡು ಮಂಚದ ಮೇಲೆ ಹಳೇ ಪೇಪರು ಹಾಸಿ ಸಾಲಾಗಿ ಇಟ್ಟೆ. ಅಷ್ಟರಲ್ಲಿ ಸಿಂಧಘಟ್ಟದಿಂದ ಅವಳ ಸೋದರಮಾವ ಹಬ್ಬಕ್ಕೆ ಬಂದರು. ಬೈಕಿಗೆ ಕಟ್ಟಿದ್ದ ಬಾಳೆಕಂದು ಕೂಡ ಬಿಚ್ಚದೆ ಒಳಗೆ ಬಂದು ನೋಡಿದರು.

"ಇದೇನ್ ಮೇಷ್ಟ್ರೇ, ಪಿಯಾನೊದ್ ಪೋಸ್ಟ್‌ಮಾರ್ಟಮ್ಮಾ? ಬಿಸ್ಲು ಸುಡ್ತಾ ಅದೆ, ತಾರ್ಸಿ ಮ್ಯಾಲ್ ಹರವಿ. ಮಧ್ಯಾನ್ಕೆ ಗರಿಗರಿ ಆಯ್ತವೆ."

"ಬಿಸಿಲಿಗೆ ಹಾಕಿದರೆ ಬಾಗುತ್ತವೆ. ನೆರಳು, ಫ್ಯಾನು, ನಾಲ್ಕು ದಿನ," ಎಂದೆ.

"ನಾಕ್ ದಿನವಾ! ಇದೇನ್ ಬಾಣಂತನವೇನ್ರೀ?"

"ಮಾವ, ನೀನ್ ಹಪ್ಪಳ ಒಣುಗ್ಸಕ್ ಬಂದಿದ್ರೆ ತಾರ್ಸಿಗ್ ಓಗು," ಎಂದಳು ಅವಳು. "ಇಲ್ಲಿರ್ತೀನಿ ಅಂದ್ರೆ ನಂಗೊಂದ್ ಹಲಗೆ ಬೇಕು, ಎರಡೂಮುಕ್ಕಾಲ್ ಅಡಿ."

ಅವಳ ಯೋಚನೆ ಹೀಗಿತ್ತು. ಎಡಗಡೆಯ ಮೂವತ್ತು ಕೀ ಜಾಗದಲ್ಲಿ ಇರಲಿ, ಅವು ನುಡಿಯುತ್ತವೆ. ಕಿತ್ತ ಜಾಗದ ಮೇಲೆ, ಗಾಳಿ ಆಡುವಂತೆ ಎತ್ತರಿಸಿ, ಒಂದು ಹಲಗೆ. ಎಡಗೈ ಕೀಗಳ ಮೇಲೆ, ಬಲಗೈ ಹಲಗೆಯ ಮೇಲೆ. ಮಾವ ಅಟ್ಟದಿಂದ ಹಲಗೆ ಇಳಿಸಿ, ಅಳೆದು ಕೊಯ್ದು ತಂದರು. ಅವಳು ಅದರ ಮೇಲೆ ಸೀಮೆಸುಣ್ಣದಲ್ಲಿ ಐವತ್ತೆಂಟು ಗೆರೆ ಎಳೆದಳು.

ಮೈಸೂರಿನಲ್ಲಿ ಪಿಯಾನೊ ಇಲ್ಲವೇ ಎಂದು ಓದುವವರು ಕೇಳಬಹುದು. ಇವೆ. ಶಾಲೆಗಳಿಗೆ ದಸರಾ ರಜೆ. ಪರಿಚಯದ ಇಬ್ಬರು ಊರಲ್ಲಿರಲಿಲ್ಲ. ಒಂದು ಚರ್ಚಿನವರು ಬೆಳಿಗ್ಗೆ ಆರರಿಂದ ಏಳು ನುಡಿಸಲು ಬಿಟ್ಟರು. ಮಾವನ ಬೈಕಿನಲ್ಲಿ ಹೋಗಿ ಬರುತ್ತಿದ್ದಳು. ಆಮೇಲೆ ಹಲಗೆಯ ಮುಂದೆ ಕೂತರೆ ಊಟದವರೆಗೆ, ಊಟವಾದ ಮೇಲೆ ದೀಪ ಹಚ್ಚುವವರೆಗೆ. ಎಡಗೈ ಒಂದೇ ಗುಡುಗುತ್ತಿತ್ತು, ಬಲಗೈಯಿಂದ ಮರದ ಮೇಲೆ ಉಗುರಿನ ಸದ್ದು.

"ಒಂಟೆತ್ತಿನ ಗಾಡಿ ಆಯ್ತಲ್ಲವ್ವ," ಎಂದರು ಅಜ್ಜಿ.

"ಇರ್ಲಿ ಬುಡಜ್ಜಿ. ಈ ಎಡಗೈ ಇಷ್ಟ್ ದಿನ ಕದ್ದು ಉಣ್ತಿತ್ತು. ಬಲಗೈ ಸದ್ದಲ್ಲಿ ತಪ್ಪು ಕಾಣ್ತಿರ್ಲಿಲ್ಲ. ಈಗ ಸಿಕ್ಕಾಕಂಡದೆ."

ನಾನು ದಿನಾ ಪಾಂಡವಪುರದಿಂದ ಬಂದು ಹೋಗುತ್ತಿದ್ದೆ. ಕೀಗಳನ್ನು ಎರಡು ಗಂಟೆಗೊಮ್ಮೆ ಮಗುಚಬೇಕಿತ್ತು. ಮೊದಲ ದಿನ ಮಧ್ಯಾಹ್ನ ನಾನು ಎರಡನೇ ಮಂಚಕ್ಕೆ ಹೋಗುವಷ್ಟರಲ್ಲಿ ತಾತ ಬಂದು ಕೂತು ತಾವೇ ಮಗುಚತೊಡಗಿದರು. ಬೆಳಿಗ್ಗೆಯಿಂದ ಅವರು ಒಬ್ಬಟ್ಟು ಮುಟ್ಟಿರಲಿಲ್ಲ. ನಾನು ಅವಳ ಕಡೆ ನೋಡಿದೆ. ಅವಳು ನುಡಿಸುವುದನ್ನು ನಿಲ್ಲಿಸದೆಯೇ ಹೇಳಿದಳು, "ತಾತ, ಅಂಕಿ ಹಿಂದುಮುಂದು ಮಾಡ್ಬ್ಯಾಡ."

"ಮಾಡಕಿಲ್ಲ."

ಅವರಿಗೆ ಇಂಗ್ಲಿಷ್ ಅಂಕಿ ಬರುತ್ತಿರಲಿಲ್ಲ. ಆದರೂ ನಾಲ್ಕು ದಿನದಲ್ಲಿ ಒಂದೂ ಹಿಂದುಮುಂದಾಗಲಿಲ್ಲ. ಎತ್ತಿದ ಜಾಗಕ್ಕೇ ಇಡುತ್ತಿದ್ದರು. ಮೂರನೇ ದಿನ ನನ್ನ ಪಕ್ಕದಲ್ಲಿ ಕೂತಿದ್ದಾಗ ಮೆಲ್ಲಗೆ ಕೇಳಿದರು, "ಮೇಷ್ಟ್ರೇ, ನೀವ್ ಬಾಗ್ಲಲ್ಲಿದ್ರಲ್ಲ. ಯಾಕ್ ಕೂಗ್ನಿಲ್ಲ?"

ಪೂಜೆಯಲ್ಲಿ ಇದ್ದಿರಿ ಎಂದೆ.

ಅವರು ಕೈಯಲ್ಲಿದ್ದ ಕೀಯನ್ನು ಅದರ ಜಾಗಕ್ಕಿಟ್ಟರು. "ನಾನಾಗಿದ್ರೂ ಕೂಗ್ತಿರ್ಲಿಲ್ಲ," ಎಂದರು. ಅದರಲ್ಲಿ ನನಗೆ ಸಮಾಧಾನ ಹೇಳಿದರೋ, ತಮಗೇ ಹೇಳಿಕೊಂಡರೋ ನಾನು ಖಚಿತವಾಗಿ ಹೇಳಲಾರೆ.

ಐದನೇ ದಿನ ಕೀಗಳನ್ನು ಜೋಡಿಸಲು ಶುರುಮಾಡಿದೆ. ಒಣಗಿದ್ದರೂ ಕೆಲವು ಬಿಗಿಯಾಗಿದ್ದವು. ಕೀ ಕೂರುವ ತೂತಿನ ಉಣ್ಣೆಪಟ್ಟಿಯನ್ನು ಚಿಕ್ಕ ಇಕ್ಕಳದಲ್ಲಿ ಒತ್ತಿ ಸಡಿಲ ಮಾಡುತ್ತ ಹೋಗಬೇಕು. ಒಂದು ಕೂದಲೆಳೆ ಹೆಚ್ಚಾದರೆ ಕೀ ಗಲಗಲ ಅನ್ನುತ್ತದೆ. ಸಂಜೆಯ ಹೊತ್ತಿಗೆ ಐವತ್ತಾರು ಸರಿಹೋದವು. ಎರಡು ಕೀ, ಮೇಲಿನ ಸ್ಥಾಯಿಯವು, ಒತ್ತಿದರೆ ನುಡಿಯುತ್ತಿದ್ದವು, ಹಿಂದಕ್ಕೆ ಬರಲು ಸೋಮಾರಿತನ. ಇನ್ನೊಂದು ದಿನ ಕೊಡು ಎಂದೆ.

"ದಿನ ಇಲ್ಲ ಮೇಷ್ಟ್ರೇ. ಆ ಎರಡನ್ನ ನಾನ್ ಸಂಭಾಳುಸ್ತೀನಿ. ಅಲ್ಲಿನ್ ಪಿಯಾನೊದಲ್ಲೂ ಯಾವ್ದೋ ಎರಡು ಇದ್ದೇ ಇರ್ತವೆ."

ಆರನೇ ದಿನ, ಏಳು, ಎಂಟು. ಕೃತಿಯ ಮೂರನೇ ಭಾಗದಲ್ಲಿ ಒಂದು ಜಾಗವಿತ್ತು, ಎರಡೂ ಕೈ ಓಡುತ್ತ ಒಂದರ ಮೇಲೊಂದು ದಾಟುವ ಜಾಗ. ಹೆಚ್ಚಿನ ಸಲ ಅಲ್ಲಿ ಮುಗ್ಗರಿಸುತ್ತಿದ್ದಳು. ನಿಲ್ಲುವಳು, ನಾಲ್ಕು ಪುಟ ಹಿಂದಕ್ಕೆ ಹೋಗುವಳು, ಅಷ್ಟೇ ವೇಗದಲ್ಲಿ ಮತ್ತೆ ಬರುವಳು. ಎಂಟನೇ ದಿನ ಬೆಳಿಗ್ಗೆಯೊಂದರಲ್ಲೇ ಇಪ್ಪತ್ತಮೂರು ಸಲ ಎಣಿಸಿದೆ. ಇಪ್ಪತ್ತಮೂರರಲ್ಲಿ ಒಂಬತ್ತು ಸಲ ದಾಟಿದಳು. ಅಳಲಿಲ್ಲ, ಬೈದುಕೊಳ್ಳಲೂ ಇಲ್ಲ. ನೀರು ಕುಡಿದು ಬಂದು ಇಪ್ಪತ್ತನಾಲ್ಕನೆಯದಕ್ಕೆ ಕೂತಳು.

ಒಂಬತ್ತನೇ ದಿನ ಹನ್ನೊಂದು ಗಂಟೆಗೆ ಕೊರಿಯರಿನವನು ಪಾಸ್‌ಪೋರ್ಟು ತಂದುಕೊಟ್ಟ. ಮಧ್ಯಾಹ್ನ ಮೂರಕ್ಕೆ ಅವಳು ನಮ್ಮನ್ನೆಲ್ಲ ನಡುಮನೆಯಲ್ಲಿ ಕೂರಿಸಿದಳು. ತಾತ ಕಂಬಕ್ಕೆ ಒರಗಿ, ಅಜ್ಜಿ ಅವರ ಪಕ್ಕ, ಮಾವ ಅಕ್ಕಿಮೂಟೆಯ ಮೇಲೆ. ನಾನು ಪಿಯಾನೊದ ಬಲಪಕ್ಕ ಗೋಡೆಗೆ ಆನಿಕೊಂಡು ನಿಂತಿದ್ದೆ. ಎಲ್ಲೂ ನಿಲ್ಲದೆ ಕೊನೆಯವರೆಗೆ ನುಡಿಸುತ್ತೇನೆ, ಏನಾದರೂ ಆಗಲಿ ಯಾರೂ ಮಾತಾಡಬೇಡಿ ಎಂದಳು. ಇಲ್ಲಿ ನಿಂತರೆ ಅಲ್ಲೂ ನಿಲ್ಲುತ್ತೇನೆ ಎಂದೂ ಹೇಳಿದಳು.

ಮೊದಲ ಭಾಗದ ನಡುವೆ ಕೈ ತೆಗೆದು ಮಡಿಲಲ್ಲಿಟ್ಟು ಸುಮ್ಮನೆ ಕೂತಳು. ಅರ್ಧ ನಿಮಿಷವಾಯಿತು. ಮಾವ ತಡೆಯಲಾರದೆ, "ಮುಗೀತಾ?" ಎಂದು ಚಪ್ಪಾಳೆಗೆ ಕೈ ಎತ್ತಿದರು.

ಅವಳ ತಲೆ ಸಣ್ಣಗೆ ತಾಳ ಹಾಕುತ್ತಿತ್ತು. ಅದನ್ನು ಮೊದಲು ಗಮನಿಸಿದವರು ತಾತ. "ಸುಮ್ಕಿರ್ಲಾ," ಎಂದು ಪಿಸುಗುಟ್ಟಿದರು. "ಈಗ ಅಲ್ಲಿ ಬ್ಯಾರೆಯೋರ್ ನುಡುಸ್ತಾವ್ರೆ."

ನಾಟಕದಲ್ಲಿ ಪಾತ್ರಧಾರಿ ಮಾತು ಮುಗಿಸುವವರೆಗೆ ಹಾರ್ಮೋನಿಯಂ ಮೇಲೆ ಕೈಯಿಟ್ಟು ಕಾಯುವುದು ನನಗೂ ಗೊತ್ತು. ಆದರೂ ನನಗೆ ಹೊಳೆದಿರಲಿಲ್ಲ. ಆಮೇಲೆ ಅವಳು ಕೈ ಬಿಟ್ಟಾಗಲೆಲ್ಲ ನಾವು ನಾಲ್ವರೂ ಇಲ್ಲದ ವಾದ್ಯಗಳು ನುಡಿದು ಮುಗಿಯಲೆಂದು ಕಾದೆವು.

ಮೂರನೇ ಭಾಗ ಬಂತು. ಕೈಗಳು ದಾಟುವ ಜಾಗ ಬಂತು. ಅವಳ ಎಡಗೈಯನ್ನು ನಾನು ಮೂರು ಅಡಿ ದೂರದಿಂದ ನೋಡುತ್ತಿದ್ದೆ. ಅದು ಮೇಲಿನಿಂದ ದಾಟಿ, ಆ ಎರಡು ಸೋಮಾರಿ ಕೀಗಳಲ್ಲಿ ಒಂದನ್ನು ಒತ್ತಿತು. ಕೀ ಕೆಳಗೇ ಉಳಿಯಿತು. ಅದನ್ನೇ ಮತ್ತೆ ಒತ್ತಬೇಕಿತ್ತು. ಬಲಗೈಯ ಕಿರುಬೆರಳು ಪಕ್ಕದಿಂದ ಬಂದು ಅದನ್ನು ಎಬ್ಬಿಸಿತು, ಎಡಗೈ ಒತ್ತಿತು, ಎರಡೂ ಕೈ ಮುಂದಕ್ಕೆ ಹೋದವು. ಸ್ವರ ಒಂದು ಎಳೆಯಷ್ಟು ತಡವಾಯಿತು. ಅವಳು ನಿಲ್ಲಲಿಲ್ಲ. ಕೊನೆಯವರೆಗೂ ನಿಲ್ಲಲಿಲ್ಲ.

ಮುಗಿದ ಮೇಲೆ ಯಾರೂ ಚಪ್ಪಾಳೆ ತಟ್ಟಲಿಲ್ಲ, ಮತ್ತೆ ಬೇರೆಯವರು ನುಡಿಸುತ್ತಿದ್ದಾರೇನೋ ಎಂದು. ಅವಳೇ ತಿರುಗಿ, "ಈಗ ಮುಗೀತು," ಎಂದಳು. ಆಮೇಲೆ, "ಓಗ್ತೀನಿ ತಾತ," ಎಂದಳು.

"ಓಗು," ಎಂದರು ಅವರು.

ಹನ್ನೆರಡನೇ ದಿನ ಅವಳು ಅಲ್ಲಿ ನುಡಿಸಿದಳು. ಅದನ್ನು ನಾನು ನೋಡಿಲ್ಲ, ಆದ್ದರಿಂದ ಹೇಗೆ ನುಡಿಸಿದಳೆಂದು ಹೇಳುವುದಿಲ್ಲ. ಮುಂದಿನ ವರ್ಷ ಅದೇ ವಾದ್ಯವೃಂದದವರು, ಯಾರ ಬದಲಿಗೂ ಅಲ್ಲದೆ, ಅವಳನ್ನೇ ಕರೆದರು. ಅದು ನನಗೆ ಗೊತ್ತು.

ಕಳೆದ ಸಂಕ್ರಾಂತಿಗೆ ಮುಂಚೆ ತಾತ ತೀರಿಕೊಂಡರು. ಅವರು ಚೊಂಬು ಎತ್ತಿದ್ದನ್ನು ಕಂಡವನು ಈಗ ನಾನೊಬ್ಬನೇ. ಒಂಬತ್ತನೇ ದಿನ ಮಧ್ಯಾಹ್ನ ಅವಳು ನಿಲ್ಲದೆ ನುಡಿಸಿದ್ದನ್ನು ಕೇಳಿದವರಲ್ಲಿ ಬದುಕಿರುವವರು ಮೂವರು. ಬಾಬುರಾಯನಕೊಪ್ಪಲಿನ ಅದೇ ಮನೆಯಲ್ಲಿ ಅವಳ ಅಜ್ಜಿ, ಸಿಂಧಘಟ್ಟದಲ್ಲಿ ಅವಳ ಸೋದರಮಾವ, ಪಾಂಡವಪುರದಲ್ಲಿ ನಾನು.